ಡಬ್ಬಿ ಓದುವ ಮೇಡಂ

ಕೆಮಿಸ್ಟ್ರಿ ಓದಿದ ಹೆಂಗಸಿಗೆ ಇಂಥ ಪೇಚಾಟ ತಪ್ಪಿದ್ದಲ್ಲ ಅಂತ ಯಾರಾದರೂ ಮೊದಲೇ ಹೇಳಿದ್ದರೆ ನಾನು ಇತಿಹಾಸ ತಗೊಳ್ಳುತ್ತಿದ್ದೆ. ಸಾಲುಮರ ನೆಡಿಸಿದ ರಾಜ ಯಾರು ಅಂತ ಕೇಳಿಕೊಂಡು ಯಾರೂ ಮನೆ ಬಾಗಿಲಿಗೆ ಬರುವುದಿಲ್ಲ.

ಎಪ್ಪತ್ತು, ಎಂಬತ್ತರ ದಶಕದಲ್ಲಿ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ವರ್ಗವಾದಲ್ಲಿಗೆಲ್ಲ ಟ್ರಂಕು ಕಟ್ಟಿಕೊಂಡು ಹೋದವಳು. ಆದರೆ ಟ್ರಂಕಿಗಿಂತ ಮೊದಲೇ ಒಂದು ಸುದ್ದಿ ಆ ಊರು ಸೇರಿರುತ್ತಿತ್ತು: "ಬರೋ ಮೇಡಂ ಡಬ್ಬಿ ಓದ್ತಾರಂತೆ."

ಡಬ್ಬಿ ಅಂದರೆ ಮುಖಕ್ಕೆ ಹಚ್ಚುವ ಫೌಂಡೇಶನ್ ಡಬ್ಬಿ. ಸ್ನೋ, ಪೌಡರು ನಮ್ಮ ಕಡೆ ಎಲ್ಲರಿಗೂ ಗೊತ್ತಿತ್ತು. ಪೌಡರಿನ ಕೆಳಗೆ ಮೈಬಣ್ಣದ್ದೇ ಇನ್ನೊಂದು ಕ್ರೀಮು ಹಚ್ಚಬೇಕು ಅನ್ನೋ ವಿಷಯ ಮಾತ್ರ ಆಗತಾನೇ ದಾವಣಗೆರೆಯಲ್ಲಿ ಬಸ್ಸು ಹತ್ತಿತ್ತು. ಪ್ರತಿ ಡಬ್ಬಿಯೊಳಗೂ ಮಡಿಸಿಟ್ಟ ಒಂದು ಚೀಟಿ. ಮೇಲೆ ದಪ್ಪಕ್ಷರದಲ್ಲಿ, ಅಂದದ ಜೊತೆಗೆ ಚರ್ಮಕ್ಕೆ ಪೋಷಣೆ ಅಂತ. ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ ಒಳಗೆ ಏನೇನು ಬೆರೆಸಿದೆ ಅಂತ. ದಪ್ಪಕ್ಷರ ಎಲ್ಲರೂ ಓದಿಕೊಳ್ಳುತ್ತಿದ್ದರು. ಇರುವೆ ಸಾಲಿಗೆ ನಾನು ಬೇಕಾಗುತ್ತಿದ್ದೆ.

ಮುಖಕ್ಕೆ ಪಾಯ

ಇದು ಶುರುವಾಗಿದ್ದು ಚನ್ನಗಿರಿಯಲ್ಲಿ, ನನ್ನ ಮೊದಲ ಶಾಲೆಯಲ್ಲಿ. ಅಲ್ಲಿನ ಹೊಲಿಗೆ ಟೀಚರ್ ಶೋಕಿಗೆ ಹೆಸರಾದವರು. ಒಂದು ಸೋಮವಾರ ಸ್ಟಾಫ್ ರೂಮಿಗೆ ಬಂದವರೇ ಮೇಜಿನ ಮೇಲೆ ಡಬ್ಬಿ ಇಟ್ಟರು.

"ಫೌಂಡೇಶನ್ ತಂದೀನಿ ಮೇಡಂ. ದಾವಣಗೆರೆಯಾಗೆ ಇದೊಂದೇ ಉಳಿದಿತ್ತು."

ಮೂಲೆಯಲ್ಲಿ ಕಾಪಿ ತಿದ್ದುತ್ತಿದ್ದ ಹೆಡ್‌ಮೇಷ್ಟ್ರು ಥಟ್ಟನೆ ತಲೆ ಎತ್ತಿದರು. ಪಾಪ, ಅವರು ಆಗ ಮನೆ ಕಟ್ಟಿಸುತ್ತಿದ್ದರು. ಸಿಮೆಂಟಿಗೆ ಪರ್ಮಿಟ್ ಸಿಗದೆ ಕೆಲಸ ಪಾಯದಲ್ಲೇ ನಿಂತುಬಿಟ್ಟಿತ್ತು.

"ಫೌಂಡೇಶನ್ನಿಗೆ ಸಾಮಾನು ಸಿಕ್ತೇನ್ರೀ? ಯಾವ ಅಂಗಡಿ?"

"ಇದು ಮುಖದ ಫೌಂಡೇಶನ್ ಸರ್."

"ಮುಖಕ್ಕೂ ಪಾಯ ಹಾಕ್ತಾರೇನ್ರೀ?" ಅಂದು ಅವರು ನಿರಾಸೆಯಿಂದ ಮತ್ತೆ ಕಾಪಿಗೆ ಬಗ್ಗಿದರು.

ಹೊಲಿಗೆ ಟೀಚರ್ ಚೀಟಿ ಬಿಡಿಸಿ ನನ್ನ ಕೈಗಿಟ್ಟರು. "ಚರ್ಮಕ್ಕೆ ಒಳ್ಳೇದು ಏನೇನೈತೆ ನೋಡಿ ಹೇಳ್ರಿ."

ಹೊಸ ಕೆಲಸ, ಹೊಸ ಹುರುಪು. ಪಾಠ ಮಾಡುವ ಹಾಗೇ ಶುರು ಮಾಡಿದೆ. "ಗ್ಲಿಸರಿನ್ ಇದೆ, ಒಳ್ಳೆಯದೇ. ಚರ್ಮ ಒಣಗೋಕೆ ಬಿಡಲ್ಲ. ಜೇನುಮೇಣ ಇದೆ, ಅದೂ ಪರವಾಗಿಲ್ಲ. ಟಾಲ್ಕ್ ಅಂದರೆ ಬಳಪದ ಕಲ್ಲಿನ ಪುಡಿ."

"ಬಳಪಾನಾ?"

"ನುಣ್ಣಗೆ ಮಾಡಿರ್ತಾರೆ. ಆಮೇಲೆ ಐರನ್ ಆಕ್ಸೈಡ್."

ಟೀಚರ್ ಮುಖ ಅರಳಿತು. "ಐರನ್ ಅಂದ್ರೆ ಕಬ್ಬಿಣದ ಅಂಶ! ರಕ್ತ ಆಗಾಕೆ ಡಾಕ್ಟ್ರು ಬರಕೊಡ್ತಾರಲ್ಲ, ಅದೇ!"

"ಅದಲ್ಲ ಟೀಚರ್. ಇದು ಬಣ್ಣ ಬರಲಿ ಅಂತ ಹಾಕೋದು. ನಮ್ಮ ಮಾತಲ್ಲಿ ಹೇಳೋದಾದರೆ... ತುಕ್ಕು."

ಅವರು ಡಬ್ಬಿ ತೆರೆದು ಒಂದು ಸಲ ಮೂಸಿದರು. ಮುಚ್ಚಿದರು. "ಈ ತುಕ್ಕು ತರಾಕೆ ನಾನು ದಾವಣಗೆರೆ ತನಕ ಬಸ್ಸಿನಾಗೆ ನಿಂತ್ಕೊಂಡು ಹೋಗಿ ನಿಂತ್ಕೊಂಡು ಬಂದೆನಲ್ರೀ! ಮನೆ ಬಾವಿ ರಾಟೆಗೆ ಕೆನ್ನೆ ಉಜ್ಜಿದ್ರೆ ಆಗ್ತಿತ್ತು!"

ಹೆಡ್‌ಮೇಷ್ಟ್ರು ಕಾಪಿಯಿಂದ ತಲೆ ಎತ್ತದೆ ಸಮಾಧಾನ ಹೇಳಿದರು: "ಸರಿಯಾಗೇ ಐತಲ್ರೀ ಟೀಚರ್. ಪಾಯ ಅಂದಮೇಲೆ ಕಬ್ಬಿಣ ಹಾಕ್ಲೇಬೇಕು."

ಅಂಗಡಿಯವರ ಬೇಡಿಕೆ

ತುಕ್ಕಿನ ಸುದ್ದಿ ಚನ್ನಗಿರಿ ತುಂಬ ಹಬ್ಬಿತು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫ್ಯಾನ್ಸಿ ಸ್ಟೋರ್. ನಾನು ಅದರ ಮೆಟ್ಟಿಲು ಹತ್ತಿದೆನೆಂದರೆ ಹೆಂಗಸರು ಸುತ್ತ ಸೇರಿಕೊಳ್ಳುವರು. "ಇದನ್ನೋದ್ರಿ", "ಅದನ್ನೋದ್ರಿ". ನಾನು ಕನ್ನಡಕ ಏರಿಸಿ ಒಂದು ಚೀಟಿ ಓದಿ ಮುಗಿಸುವಷ್ಟರಲ್ಲಿ ಅರ್ಧ ಜನ, ಕಡಲೆಹಿಟ್ಟೇ ವಾಸಿ ಅಂದುಕೊಂಡು ಎದುರಿನ ಕಿರಾಣಿ ಅಂಗಡಿಗೆ ರಸ್ತೆ ದಾಟುವರು. ಕಿರಾಣಿಯವರು ನನ್ನನ್ನು ಕಂಡರೆ ಎದ್ದು ನಿಂತು ಕೈ ಮುಗಿಯತೊಡಗಿದರು.

ಒಂದು ದಿನ ಹೇರ್‌ಪಿನ್ ತರೋಣವೆಂದು ಹೋದೆ. ಫ್ಯಾನ್ಸಿ ಸ್ಟೋರಿನ ಮಾಲೀಕರು ತಾವೇ ಎದ್ದು ಬಂದು ಸ್ಟೂಲು ಹಾಕಿದರು, ಕುಡಿಯಲು ನೀರು ಕೊಟ್ಟರು.

"ಮೇಡಂ, ನಿಮ್ಮನ್ನ ಕಂಡ್ರೆ ನಮಗೆ ಭಾಳ ಗೌರವ. ಪಿನ್ನು ನೋಡ್ರಿ, ರಿಬ್ಬನ್ ನೋಡ್ರಿ, ಬೇಕಾದ್ರೆ ಬಳೆ ತೊಟ್ಟೇ ನೋಡ್ರಿ. ಇಡೀ ಅಂಗಡಿ ನಿಮ್ಮದೇ ಅಂದ್ಕೊಳ್ರಿ." ಆಮೇಲೆ ದನಿ ತಗ್ಗಿಸಿದರು. "ಒಳಗೆ ಬಂದಾಗ ಕನ್ನಡಕ ಒಂದು ಹಾಕ್ಕೋಬೇಡ್ರಿ."

ಹೊನ್ನಾಳಿ ಅಜ್ಜಿಯ ಕಂಬಳಿ

ಹೊನ್ನಾಳಿಯಲ್ಲಿ ನಾನು ಬಾಡಿಗೆಗಿದ್ದದ್ದು ಲಿಂಗಪೂಜೆ ಮುಗಿಯದೆ ಒಲೆ ಹಚ್ಚದಂಥವರ ಮನೆ. ಮನೆಯೊಡತಿ, ಆಕೆಯ ಅತ್ತೆ, ಕಾಲೇಜಿಗೆ ಹೋಗುವ ಮಗಳು. ಮಗಳ ಟ್ರಂಕಿನಲ್ಲಿ ಫೌಂಡೇಶನ್ ಡಬ್ಬಿ ಸಿಕ್ಕಿತೆಂದು ಒಡತಿ ಅದನ್ನು ಸೆರಗಿನಲ್ಲಿ ಹಿಡಿದು ನನ್ನ ಹತ್ತಿರ ತಂದರು.

"ಅಕ್ಕೋರೆ, ಇದರಾಗೆ ಏನಾರ ಅಂಥಾದ್ದು ಐತಾ ನೋಡ್ರಿ."

"ಅಂಥಾದ್ದು ಅಂದ್ರೆ?"

"ನಮ್ಮಂಥೋರು ಮುಟ್ಟಬಾರದ್ದು."

ಓದಿದೆ. "ಲ್ಯಾನೊಲಿನ್ ಅಂತ ಒಂದು ಇದೆ. ಚರ್ಮ ಮೆತ್ತಗಾಗೋದು ನಿಜವಾಗಿ ಅದರಿಂದಲೇ. ಕುರಿ ಉಣ್ಣೆಯಿಂದ ತೆಗೆಯೋ ಜಿಡ್ಡು."

ಅವರಿಗೆ 'ಕುರಿ' ಅನ್ನೋ ಮಾತಷ್ಟೇ ಕೇಳಿಸಿತು. ಡಬ್ಬಿ ಕಟ್ಟೆಯ ಮೇಲೆ ಬಿತ್ತು. "ಮುಖಕ್ಕೆ ಕುರಿ ಹಚ್ಕೊಂಡು ಪೂಜೆಗೆ ಕೂತಿದ್ಯೇನೇ!" ಅಂತ ಒಳಗೆ ನುಗ್ಗಿದರು. ಮಗಳು ಅಳತೊಡಗಿದಳು. ದೇವರ ಮನೆ ತೊಳೆಯಬೇಕು, ಮಗಳಿಗೆ ತಲೆಗೆ ನೀರು ಹಾಕಬೇಕು, ಅಲ್ಲಿತನಕ ತಾನು ಊಟ ಮಾಡುವುದಿಲ್ಲ ಅಂತ ತಾಯಿ ಅಡಿಗೆಮನೆ ಬಾಗಿಲಲ್ಲಿ ಕುಳಿತರು. ನನ್ನ ಬಾಯಿಂದ ಹೊರಟ ಒಂದು ಮಾತು ಆ ಮನೆಯ ಮಧ್ಯಾಹ್ನದ ಊಟವನ್ನೇ ನಿಲ್ಲಿಸಿತ್ತು.

ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅಜ್ಜಿ ಕೇಳಿದರು. "ಅದಕ್ಕೆ ಕುರಿ ಕಡೀತಾರೇನ್ರೀ ಅಕ್ಕೋರೆ?"

"ಇಲ್ಲಜ್ಜಿ. ಕತ್ತರಿಸಿದ ಉಣ್ಣೆ ತೊಳೆಯುವಾಗ ಬಿಡೋ ಜಿಡ್ಡು. ಕುರಿ ಅದರ ಪಾಡಿಗೆ ಮೇಯ್ತಾ ಇರುತ್ತೆ."

"ಹಂಗಾರೆ ಕಂಬಳಿ ಇದ್ದಂಗಾತು." ಅಜ್ಜಿ ಸೊಸೆಯ ಕಡೆ ತಿರುಗಿದರು. "ನಿನ್ನ ಮದುವೆ ಶಾಸ್ತ್ರಕ್ಕೆ ಕಂಬಳಿ ಗದ್ದಿಗೆ ಮೇಲೇ ಕುಂತಿದ್ಯಲ್ಲೇ. ಅವತ್ತು ಕುರಿ ಮೇಲೆ ಕುಂತೀನಿ ಅನ್ನಿಸ್ಲಿಲ್ವಾ?"

ಸೊಸೆ ಸೆರಗು ಸಿಕ್ಕಿಸಿಕೊಂಡರು. ಎದ್ದು ಎಲ್ಲರಿಗೂ ರೊಟ್ಟಿ ಬಡಿಸಿದರು. ಜಗಳ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಆದರೆ ಅಜ್ಜಿ ಅಷ್ಟಕ್ಕೇ ಬಿಡುವವರಲ್ಲ. ಡಬ್ಬಿಯೊಳಗಿನ ಸತ್ವ ಕಂಬಳಿಯ ಜಿಡ್ಡೇ ಆದಮೇಲೆ ಡಬ್ಬಿ ಯಾಕೆ ಬೇಕು ಅಂತ ಅವರ ವಾದ. ಹೊಸ ಕಂಬಳಿಯೊಂದನ್ನು ಪೆಟ್ಟಿಗೆಯಿಂದ ತೆಗೆದು ದಿನಾ ಸಂಜೆ ಜಗಲಿಯಲ್ಲಿ ಕುಳಿತು ಕೆನ್ನೆಗೆ ತಿಕ್ಕಿಕೊಳ್ಳತೊಡಗಿದರು. ಹೊಸ ಕಂಬಳಿ ಅಂದರೆ ಗೊತ್ತಲ್ಲ, ಪಾತ್ರೆ ಬೆಳಗುವ ತೆಂಗಿನ ನಾರಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ವಾರ ಕಳೆಯುವಷ್ಟರಲ್ಲಿ ಅಜ್ಜಿಯ ಎರಡೂ ಕೆನ್ನೆ ಟೊಮೇಟೊ ಹಣ್ಣು.

ಹೊಳೆಯಿಂದ ಬಟ್ಟೆ ಒಗೆದುಕೊಂಡು ಬರುತ್ತಿದ್ದ ಪಕ್ಕದ ಮನೆಯಾಕೆ ನಿಂತು ನೋಡಿದಳು. "ಅಜ್ಜೀ, ಈ ವಯಸ್ಸಿನಾಗೆ ಕೆನ್ನೆ ಏನ್ ಕೆಂಪಗೈತೆ! ಯಾವ ಕ್ರೀಮು?"

ಅಜ್ಜಿ ಉರಿಯನ್ನು ನುಂಗಿಕೊಂಡು ಗಂಭೀರವಾಗಿ ಹೇಳಿದರು: "ಕ್ರೀಮಲ್ಲ ಕಣವ್ವಾ, ಕಂಬಳಿ. ಮುಖಕ್ಕೆ ತಿಕ್ಕಿ ಉಳಿದಿದ್ದನ್ನ ಹೊದ್ಕೋಬೋದು."

ಕೊಟ್ಟಕೊನೆಯ ಬಾದಾಮಿ

ನ್ಯಾಮತಿಯಲ್ಲಿ ನಮ್ಮ ಬೀದಿಯ ಕಿರಾಣಿ ಅಂಗಡಿ ಯಜಮಾನರ ಮಗಳಿಗೆ ಮದುವೆ ಗೊತ್ತಾಯಿತು. ಮದುಮಗಳಿಗೆಂದು ತರಿಸಿದ ಫೌಂಡೇಶನ್ ಡಬ್ಬಿಯ ಮೇಲೆ ಅಂಗೈ ತುಂಬುವಷ್ಟು ಬಾದಾಮಿಯ ಚಿತ್ರ.

"ಬಾದಾಮಿ ಹಾಕಿರೋ ಮಾಲು ಮೇಡಂ, ಚರ್ಮಕ್ಕೆ ತಾಕತ್ತು" ಅಂತ ಯಜಮಾನರು ನನ್ನನ್ನು ಕರೆಸಿ ನಡುಮನೆಯಲ್ಲಿ ಕೂರಿಸಿದರು. ಮನೆಮಂದಿಯೆಲ್ಲ ಸುತ್ತ ಕುಳಿತರು. ಯಜಮಾನರ ತಮ್ಮನೂ ಇದ್ದರು. ಛತ್ರ, ಅಡಿಗೆಯವರು, ವಾಲಗ ಅಂತ ಮದುವೆಯ ಓಡಾಟವೆಲ್ಲ ಅವರದೇ.

ಚೀಟಿ ಓದುವ ಮೊದಲು ಒಂದು ಸೂತ್ರ ಹೇಳಿದೆ. "ಸಾಮಾನ್ಯವಾಗಿ ಯಾವುದು ಜಾಸ್ತಿ ಇರುತ್ತೋ ಅದರ ಹೆಸರು ಮೊದಲು ಬರೀತಾರೆ. ಕಮ್ಮಿ ಇರೋದು ಕೊನೆಗೆ." ಓದುತ್ತಾ ಹೋದೆ. ಮೊದಲು ನೀರು. ಆಮೇಲೆ ಎಣ್ಣೆ, ಮೇಣ, ಪುಡಿ, ಬಣ್ಣ, ಸುವಾಸನೆ. ಸುವಾಸನೆಗೂ ಕೆಳಗೆ, ಕೊಟ್ಟಕೊನೆಯಲ್ಲಿ ಬಾದಾಮಿ ಎಣ್ಣೆ.

"ಅಂದ್ರೆ?" ಅಂದರು ತಮ್ಮ.

"ಅಂದರೆ ಬಾದಾಮಿ ಈ ಡಬ್ಬಿ ಪಕ್ಕದಲ್ಲಿ ಹಾದುಹೋಗಿದೆ."

"ಹೋಟ್ಲು ಬಾದಾಮಿ ಹಾಲು ಇದ್ದಂಗೆ ಅನ್ರಿ" ಅಂತ ಯಜಮಾನರು ನಕ್ಕರು.

ಕೆಲವು ದಿನಕ್ಕೆ ಲಗ್ನಪತ್ರಿಕೆ ಅಚ್ಚಾಗಿ ಬಂತು. ಮನೆಯವರು ಬಿಚ್ಚಿ ನೋಡಿದರು. ಸುಖಾಗಮನ ಬಯಸುವವರ ಸಾಲಿನಲ್ಲಿ ತಮ್ಮನ ಹೆಸರು ಎಲ್ಲರಿಗಿಂತ ಕೆಳಗೆ ಬಿದ್ದಿತ್ತು. ಮರೆತು, ಆಮೇಲೆ ಸೇರಿಸಿದ್ದು ಯಾರಿಗೂ ಗೊತ್ತಾಗುವ ಹಾಗಿತ್ತು. ಇಂಥದ್ದಕ್ಕೇ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಅವರು ಮುನಿಸಿಕೊಂಡು ಕೂತರೆ ಮದುವೆ ನಡೆಯುವುದು ಹೆಂಗೆ?

ತಮ್ಮ ಬಂದರು. ಪತ್ರಿಕೆಯನ್ನು ಮೇಲಿಂದ ಕೆಳಗೆ ನಿಧಾನವಾಗಿ ಓದಿದರು. ಮಡಿಸಿ ಜೇಬಿಗಿಟ್ಟುಕೊಂಡು ಸೀದಾ ನನ್ನ ಮನೆಗೆ ನಡೆದರು. ಹಿಂದೆಯೇ ಗಾಬರಿಯಿಂದ ಅಣ್ಣ, ಅತ್ತಿಗೆ.

"ಮೇಡಂ, ನೀವು ಹೇಳಿದ ಸೂತ್ರದಾಗೇ ಓದಿದೆ. ಮೊದಲನೇ ಹೆಸರು ನಮ್ಮ ದೊಡ್ಡಪ್ಪಂದು. ಈ ಮದುವೆಗೆ ಇವತ್ತಿನ ತನಕ ಒಂದು ಕಡ್ಡಿ ಎತ್ತಿಟ್ಟಿಲ್ಲ, ಬರೀ ನೀರು. ಕೊನೇಗೆ ನಾನು, ಬಾದಾಮಿ. ಅದೇನೋ ಸರಿ." ಅಣ್ಣನ ಕಡೆ ತಿರುಗಿದರು. "ಆದ್ರೆ ಡಬ್ಬಿ ಮೇಲೆ ಬಾದಾಮಿದು ದೊಡ್ಡ ಚಿತ್ರನಾರ ಇತ್ತು. ನಂದು ಅದೂ ಇಲ್ವಲ್ಲೋ!"

ಡ್ರಿಲ್ ಮೇಷ್ಟ್ರ ಮುಖ

ಜಗಳೂರಿನ ಬಿಸಿಲಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಆ ಬಿಸಿಲಿನಲ್ಲಿ ದಿನವಿಡೀ ಬಯಲಲ್ಲಿ ನಿಲ್ಲುತ್ತಿದ್ದವರು ನಮ್ಮ ಡ್ರಿಲ್ ಮೇಷ್ಟ್ರು. ಒಳ್ಳೆಯ ಆಳು, ನಗುಮುಖ, ಮೈ ಮಾತ್ರ ಸುಟ್ಟ ರಾಗಿರೊಟ್ಟಿ. ಅವರಿಗೆ ತ್ಯಾವಣಿಗೆ ಕಡೆಯ ಒಂದು ಸಂಬಂಧ ಬಂದಿತ್ತು. ಭಾನುವಾರ ಹುಡುಗಿ ನೋಡಲು ಹೋಗಬೇಕು. ಫೋಟೋ ಮೊದಲೇ ಬಂದಿತ್ತು. ಅದನ್ನು ಜೇಬಿನಲ್ಲೇ ಇಟ್ಟುಕೊಂಡು, ಎರಡು ಪೀರಿಯಡ್ಡಿಗೊಮ್ಮೆ ತೆಗೆದು ನಮಗೆಲ್ಲ ತೋರಿಸುವರು.

"ಹುಡುಗಿ ಹಾಲು ಇದ್ದಂಗೆ ಅದಾಳ್ರೀ ಮೇಡಂ. ನಾನು ನೋಡಿದ್ರೆ ಹಿಂಗೆ. ಒಪ್ತಾರಂತೀರಾ?" ಅಂತ ನಾಚುತ್ತಾ ಒಂದು ಡಬ್ಬಿ ತೆಗೆದರು. "ಬಿಸಿಲಿಗೆ ಇದು ಆಗುತ್ತಾ ನೋಡ್ರಿ."

ಓದಿದೆ. ಸತುವಿನ ಆಕ್ಸೈಡ್ ಇತ್ತು. "ಬಿಸಿಲು ತಡೆಯೋಕೆ ಇದು ಒಳ್ಳೆಯದೇ ಸರ್. ತೆಳ್ಳಗೆ ಹಚ್ಚಿಕೊಳ್ಳಿ" ಅಂದೆ. 'ಒಳ್ಳೆಯದೇ' ಅನ್ನೋದು ಅವರ ಕಿವಿಗೆ ಬಿತ್ತು, 'ತೆಳ್ಳಗೆ' ಅನ್ನೋದು ಬೀಳಲಿಲ್ಲ. ಅದೂ ಅಲ್ಲದೆ ಡಬ್ಬಿ ತೀರಾ ಬೆಳ್ಳಗಿನವರ ಬಣ್ಣದ್ದು.

ಮಾರನೇ ದಿನ ಬೆಳಿಗ್ಗೆ ಬಯಲಲ್ಲಿ ಡ್ರಿಲ್. ಮೇಷ್ಟ್ರ ಮುಖ ಸುಣ್ಣ ಬಳಿದ ಗೋಡೆ. ಕುತ್ತಿಗೆಯಿಂದ ಕೆಳಗೆ ಅದೇ ಹಳೇ ರಾಗಿರೊಟ್ಟಿ. ಸಾವಧಾನ್ ಅಂದರೂ ಮಕ್ಕಳು ನಗು ತಡೆಯಲಾರದೆ ಅಲುಗಾಡುತ್ತಿದ್ದವು. ಅದೇ ಹೊತ್ತಿಗೆ ಗೇಟಿನಿಂದ ಇಬ್ಬರು ಒಳಗೆ ಬಂದರು. ಹುಡುಗಿಯ ತಂದೆ, ಜೊತೆಗೆ ಒಬ್ಬ ನೆಂಟರು. ಭಾನುವಾರಕ್ಕೆ ಮೊದಲು ಹುಡುಗನನ್ನು ಕೆಲಸದ ಜಾಗದಲ್ಲಿ ಒಮ್ಮೆ ನೋಡಿಹೋಗೋಣ ಅಂತ ಹೇಳದೆ ಬಂದಿದ್ದರು.

ನೋಡಿದರು. ಮುಖ ನೋಡಿದರು, ಕೈ ನೋಡಿದರು, ಮತ್ತೆ ಮುಖ ನೋಡಿದರು. ಸ್ಟಾಫ್ ರೂಮಿಗೆ ಬಂದು ತಂದೆ ನಮ್ಮನ್ನು ಮೆಲ್ಲಗೆ ಕೇಳಿದರು: "ತಪ್ಪು ತಿಳೀಬ್ಯಾಡ್ರಿ. ಹುಡುಗನಿಗೆ ಚರ್ಮದ ಕಾಯಿಲೆ ಏನಾರ ಐತಾ?"

ಮೇಷ್ಟ್ರು ಓಡಿಬಂದರು. ಬೆವರು ಇಳಿದು ಕೆನ್ನೆಯ ಮೇಲೆ ಆಗಲೇ ಕಪ್ಪು ಬಿಳುಪು ಪಟ್ಟೆ ಮೂಡಿತ್ತು. "ಕಾಯಿಲೆ ಅಲ್ಲ ಸರ್, ಕ್ರೀಮು" ಅಂದರು. ಹೂಜಿಯ ನೀರು ಸುರಿದುಕೊಂಡು ತಿಕ್ಕಿದರು. ಎಣ್ಣೆ ಮೇಣದ ಮಾಲು ಬರೀ ನೀರಿಗೆ ಎಲ್ಲಿ ಹೋಗುತ್ತೆ? ಪಟ್ಟೆ ಇನ್ನೂ ಜಾಸ್ತಿಯಾಯಿತು. ನೆಂಟರು ಚಪ್ಪಲಿ ಮೆಟ್ಟಿಕೊಳ್ಳಲು ಶುರು ಮಾಡಿದರು. ಮೇಷ್ಟ್ರು ನನ್ನ ಕಡೆ ನೋಡಿದರು.

"ಸ್ವಲ್ಪ ತಡೀರಿ" ಅಂದೆ. ಮೇಷ್ಟ್ರ ಚೀಲದಿಂದ ಡಬ್ಬಿ ತೆಗೆದು ತಂದೆಯ ಕೈಗಿಟ್ಟೆ. "ನಾನು ಕೆಮಿಸ್ಟ್ರಿ ಓದಿದವಳು. ಇದರಲ್ಲಿ ಏನೇನಿದೆ ಅಂತ ಒಂದೊಂದೇ ಹೇಳ್ತೀನಿ ಕೇಳಿ. ಬಿಸಿಲಿಗೆ ಹಚ್ಚಿದ್ದು, ಬೇರೇನೂ ಇಲ್ಲ."

ಅವರು ಅನುಮಾನದಿಂದ ಮುಚ್ಚಳ ತೆಗೆದರು. ಮೂಸಿದರು. ಮುಖ ಇದ್ದಕ್ಕಿದ್ದಂತೆ ಅರಳಿತು.

"ಅಯ್ಯೋ, ಇದಾ! ಇದೇನ್ ಹೇಳೋದು ಬ್ಯಾಡ ಬಿಡ್ರಿ, ಇದು ನಮ್ಮನೇಲೂ ಐತೆ! ನಮ್ಮ ಹುಡುಗಿ ಫೋಟೋ ತೆಗೆಸಿದ ದಿನ ಅರ್ಧ ಡಬ್ಬಿ..."

ನೆಂಟರು ಪಕ್ಕೆಗೆ ತಿವಿದರು. ತಡವಾಗಿತ್ತು.

ಡ್ರಿಲ್ ಮೇಷ್ಟ್ರು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಜೇಬಿನಿಂದ ಫೋಟೋ ತೆಗೆದರು. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಪಟ್ಟೆ ಪಟ್ಟೆ ಮುಖದ ತುಂಬ ನಿಧಾನವಾಗಿ ನಗು ಹರಡಿತು.

"ಹೋಗ್ಲಿ ಬಿಡ್ರಿ ಮಾವಾ," ಅಂದರು. "ಭಾನುವಾರ ಇಬ್ರೂ ಸೋಪು ಹಾಕಿ ತೊಳ್ಕೊಂಡೇ ಮುಖ ತೋರಿಸ್ತೀವಿ."