ಮೊಮ್ಮಗನ ಹೆಸರಿಗೊಂದು ಜೋಡಿ ಕಾರ್ಡು

ಚಳ್ಳಕೆರೆಯಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುವ ಅಂಗಡಿ ಇಟ್ಟವನಿಗೆ ನಗಲು ಸಿನಿಮಾ ಟಾಕೀಸು ಬೇಕಿಲ್ಲ. ಗಿರಾಕಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರೆ ಸಾಕು.

ಮೇವು

ಒಂದು ದಿನ ಎಣ್ಣೆ ಮಿಲ್ಲಿನ ಸಾವ್ಕಾರರು ಬಂದು ಕೂತರು. ಅವರ ಮಗಳನ್ನು ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿಯ ಮನೆಗೆ ಕೊಟ್ಟಿದ್ದರು. ಮೊಮ್ಮಗ ಹುಟ್ಟಿದ್ದ. ಹೆಸರು ಮಾತ್ರ ಇಟ್ಟಿರಲಿಲ್ಲ. ಇಬ್ಬರು ತಾತಂದಿರಿಗೂ ತಂತಮ್ಮ ಅಪ್ಪನ ಹೆಸರೇ ಆಗಬೇಕಿತ್ತು. ಜಗಳ ಕೇಳಿ ಕೇಳಿ ಸಾಕಾದ ಅಳಿಯ, "ಕಂಪ್ಯೂಟರ್‌ನಾಗೆ ಕಾರ್ ರೇಸ್ ಆಡಿ ತೀರ್ಮಾನ ಮಾಡ್ಕಳ್ರಿ" ಎಂದು ರೇಗಿದ್ದಾನೆ. ಇಬ್ಬರೂ ಅದನ್ನೇ ಗಟ್ಟಿಯಾಗಿ ಹಿಡಿದುಬಿಟ್ಟರು!

"ಬೀಗರ ಹತ್ರ ಇಲ್ದಿರೋ ಅಂಥ ಕಂಪ್ಯೂಟರ್ ಬೇಕು ಕಣಪ್ಪ" ಎಂದರು ಸಾವ್ಕಾರರು.

ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಒಂದರ ಬದಲು ಎರಡು ಹಾಕುವ ಮದರ್‌ಬೋರ್ಡು ಆಗತಾನೆ ಬಂದಿತ್ತು. ಎರಡೂ ಒಂದೇ ಥರದವು ಇರಬೇಕು, ಪವರ್ ಸಪ್ಲೈ ದೊಡ್ಡದು ಬೇಕು ಎಂದು ವಿವರಿಸಿದೆ.

"ಜೋಡಿ ಕಟ್ಟಿದ ಮೇಲೆ ಮೇವು ಜಾಸ್ತಿ ಬೇಕಪ್ಪ, ಅದಕ್ಕೇನು! ಹಿಂಡಿ ನಮ್ಮ ಮಿಲ್‌ನಾಗೇ ಐತೆ" ಎಂದರು.

ಹಲ್ಲು

ಬೆಂಗಳೂರಿಂದ ಕಾರ್ಡು ಬಂದವು ಅಂತ ಹೇಳಿ ಕಳಿಸಿದೆ. ಸಾವ್ಕಾರರು ದನದ ಸಂತೆಯ ದಲ್ಲಾಳಿಯನ್ನೇ ಕರಕೊಂಡು ಬಂದರು. ಜೋಡಿ ಅಂದಮೇಲೆ ಅವನು ನೋಡದೆ ಅವರು ಏನನ್ನೂ ಕೊಳ್ಳುವವರಲ್ಲ.

ದಲ್ಲಾಳಿ ಎರಡು ಕಾರ್ಡನ್ನೂ ಟೇಬಲ್ ಮೇಲೆ ಅಕ್ಕಪಕ್ಕ ನಿಲ್ಲಿಸಿದ. ಎತ್ತರ ನೋಡಿದ. ಬೆನ್ನು ಸವರಿದ. ಫ್ಯಾನಿಗೆ ಊದಿದ. ಆಮೇಲೆ ತಿರುಗಿಸಿ, ಬೋರ್ಡಿಗೆ ಸಿಕ್ಕಿಸುವ ಅಂಚಿನಲ್ಲಿ ಸಾಲಾಗಿ ಹೊಳೆಯುವ ಚಿನ್ನದ ಬಣ್ಣದ ಹಲ್ಲುಗಳನ್ನು ಕಂಡವನೇ ಸಾವ್ಕಾರರನ್ನು ಮೂಲೆಗೆ ಎಳೆದೊಯ್ದ.

"ಬ್ಯಾಡ್ರಿ ಸಾವ್ಕಾರ್ರೆ, ಮುದಿಯವು! ಇದ್ದ ಹಲ್ಲು ಉದುರಿ ಬಂಗಾರದ್ದು ಕಟ್ಸವ್ರೆ."

ಒಂಟೆತ್ತು

ಅಷ್ಟರಲ್ಲಿ ಸುದ್ದಿ ಮೊಳಕಾಲ್ಮೂರು ಮುಟ್ಟಿತ್ತು. ಬೀಗರು ಮೊದಲ ಬಸ್ಸಿಗೇ ಬಂದು ತಮಗೂ ಅಂಥದೇ ಜೋಡಿ ಬೇಕೆಂದು ಕೂತರು. ಬೆಂಗಳೂರಿನ ವ್ಯಾಪಾರಿಯ ಹತ್ತಿರ ಇದ್ದದ್ದೇ ಈ ಎರಡು ಕಾರ್ಡು. ಬೀಗರು ಕೇಳಿದ್ದೇ ತಡ, ಸಾವ್ಕಾರರು ಹಲ್ಲಿನ ಮಾತು ಮರೆತು ಒಂದನ್ನು ಎದೆಗೆ ಅವುಚಿಕೊಂಡರು, ಬೀಗರು ಇನ್ನೊಂದನ್ನು. ಬಿಡಿಸಲು ಹೋದ ನನಗೆ ಇಬ್ಬರಿಂದಲೂ ಬೈಗುಳ. ನನಗೂ ಸಿಟ್ಟು ಬಂತು.

ಕೊನೆಗೆ ದಲ್ಲಾಳಿಯೇ ಪಂಚಾಯ್ತಿ ಮಾಡಿದ. "ಒಂದೊಂದೇ ಎತ್ತು ಇರೋರು ಏನ್ ಮಾಡ್ತಾರೆ? ಎರಡೂ ಸೇರಿಸಿ ಕಟ್ಕಂಡು ಇಬ್ರ ಹೊಲಾನೂ ಉಳ್ತಾರೆ."

ಹಾಗೇ ಆಯಿತು. ನನ್ನ ಅಂಗಡಿಯಲ್ಲೇ ಒಂದು ಕಂಪ್ಯೂಟರು, ಅದರಲ್ಲಿ ಇಬ್ಬರ ಕಾರ್ಡು, ಪರದೆ ಎರಡು ಭಾಗ. ಸಾವ್ಕಾರರು ಮಾತ್ರ ಪೂಜೆ ಮಾಡುವಾಗ ತಮ್ಮ ಕಾರ್ಡಿಗಷ್ಟೇ ಕುಂಕುಮ ಇಟ್ಟರು.

ನೀವೇ ಮುಂದೆ ಹೋಗ್ರಿ

ರೇಸಿನ ದಿನ ಎರಡೂ ಮನೆಯವರು ಅಂಗಡಿ ತುಂಬಿದರು. ಸಾವ್ಕಾರರ ಮಗಳು ಕಂಕುಳಲ್ಲಿ ಹೆಸರಿಲ್ಲದ ಕೂಸನ್ನು ಇಟ್ಟುಕೊಂಡು ನಿಂತಿದ್ದಳು. ಕಾರುಗಳು ಸಮಸಮ ಓಡಿದವು. ಮುಗಿಯುವ ಗೆರೆ ಕಂಡಿತು. ಅಲ್ಲಿ ಸಾವ್ಕಾರರು ಗಕ್ಕನೆ ಬ್ರೇಕ್ ಹಾಕಿದರು. ಹೆಂಡತಿ, ನೆಂಟರ ಎದುರು ಬೀಗರನ್ನು ಹಿಂದಿಕ್ಕಿ ಹೋಗುವುದೇ?

"ನೀವು ಮುಂದೆ ಹೋಗ್ರಿ, ಬೀಗ್ರೆ."

ಬೀಗರೂ ನಿಲ್ಲಿಸಿದರು. "ಛೆ ಛೆ, ನೀವು ಹೆಣ್ಣು ಕೊಟ್ಟೋರು. ನೀವು ಮೊದ್ಲು."

"ಇಲ್ಲ, ನೀವು."

ಕಂಪ್ಯೂಟರಿನ ಬೇರೆ ಕಾರುಗಳೆಲ್ಲ ಪಕ್ಕದಿಂದ ಗೆರೆ ದಾಟಿ ಹೋದವು. ಇವರ ಉಪಚಾರ ಮುಗಿಯುವ ಮೊದಲೇ ಕರೆಂಟು ಹೋಯಿತು. ಎರಡು ಕಾರ್ಡು ಹೊರಲಾರದ ಯುಪಿಎಸ್ಸು ಒಮ್ಮೆ ಕೀಚ್ ಎಂದು ಸುಮ್ಮನಾಯಿತು.

ಉಪಚಾರವೂ ಅಲ್ಲಿಗೇ ಮುಗಿಯಿತು. "ಯಾರ ಕಾರು ಮುಂದಿತ್ತು, ಹೇಳಪ್ಪ?" ಎಂದು ಇಬ್ಬರೂ ನನ್ನ ಮೇಲೆ ಬಿದ್ದರು. ಯಾರ ಹೆಸರು ಹೇಳಿದರೂ ಒಂದು ಊರಿನ ಗಿರಾಕಿ ನನಗಿಲ್ಲ. ಯುಪಿಎಸ್ಸಿನ ವೈರು ನೋಡುವವನಂತೆ ಟೇಬಲ್ ಕೆಳಗೆ ಬಗ್ಗಿದೆ.

ಕೂಸು ಅಳತೊಡಗಿತು. ಅದರ ತಾಯಿ ಮುಂದೆ ಬಂದು, "ಅಣ್ಣಾ, ನಿಮ್ಮ ತಂದೆ ಹೆಸರೇನು?" ಎಂದಳು.

"ಓಬಣ್ಣ" ಎಂದೆ.

"ಅದೇ ಇರ್ಲಿ. ನಾನಂತೂ ಇನ್ನೊಂದು ದಿನ ಕಾಯಲ್ಲ."

ತಾತಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಬೀಗರ ಅಪ್ಪನ ಹೆಸರಲ್ಲವಲ್ಲ ಎಂದು ಇಬ್ಬರಿಗೂ ಸಮಾಧಾನವಾಗಿ, ಸಕ್ಕರೆ ಹಂಚಿದರು.

ಹೀಗೆ, ಜೀವಮಾನದಲ್ಲಿ ಸೈಕಲ್ಲೂ ತುಳಿಯದ ನಮ್ಮಪ್ಪ ಕಾರ್ ರೇಸ್ ಗೆದ್ದರು.