ತೊಮೊಎಯ ಹುಬ್ಬು

ಪಕ್ಕದ ಮನೆಯ ಒತೊರಾ ಬಾಗಿಲನ್ನು ಧಡಾರೆಂದು ಸರಿಸಿ, "ಗೆಂಪಾಚಿ ಅಣ್ಣ, ಸಾರಿಗೆ ಹಾಕೋಕೆ ಒಂದು ಸೌಟು ಮಿಸೊ ಇದೆಯಾ?" ಎಂದು ಕೇಳಿದಳು. ಗೆಂಪಾಚಿಯ ಕೈಯ ಉಳಿ ಜಾರಿತು. ಅಚ್ಚಿನ ಹಲಗೆಯಲ್ಲಿ ಕೆತ್ತುತ್ತಿದ್ದ ತೊಮೊಎಯ ಒಂದು ಹುಬ್ಬು ಹಾರಿಹೋಯಿತು.

ಆರುನೂರು ವರ್ಷಗಳ ಹಿಂದೆ ಕುದುರೆಯೇರಿ ಕಾದಾಡಿದವಳು ತೊಮೊಎ. ಹಳೆಯ ಕಾಲದ ಹೆಸರಾಂತ ಹೆಂಗಸರ ಹನ್ನೆರಡು ಚಿತ್ರಗಳಲ್ಲಿ ಅವಳದೇ ಮೊದಲನೆಯದು. ಚಿತ್ರಕಾರ ಬರೆದ ತೆಳು ಹಾಳೆಯನ್ನು ಹಲಗೆಗೆ ಕವುಚಿ ಅಂಟಿಸಿ, ಹಾಳೆಯ ಸಮೇತವೇ ಕೆತ್ತುವುದರಿಂದ ನೋಡಿಕೊಳ್ಳಲು ಮೂಲ ಚಿತ್ರವೂ ಉಳಿದಿರಲಿಲ್ಲ. ಸಂಜೆಗೆ ಪ್ರಕಾಶಕ ಸೋಬೆ ಬರುವವನಿದ್ದ. ಹಲಗೆ ಕೆಟ್ಟಿತೆಂದರೆ ಉಳಿದ ಹನ್ನೊಂದೂ ಎದೋ ಪಟ್ಟಣದ ಬೇರೆ ಯಾವನೋ ಕೆತ್ತನೆಗಾರನ ಪಾಲು.

"ಇನ್ನೊಂದು ಹುಬ್ಬನ್ನೂ ತೆಗೆದುಬಿಡು," ಎಂದಳು ಒತೊರಾ. "ಮದುವೆಯಾದ ಮೇಲೆ ನಾವೆಲ್ಲ ಬೋಳಿಸಿಕೊಂಡಿಲ್ವಾ?"

"ಅವಳು ಹೊರಟಿರೋದು ಯುದ್ಧಕ್ಕೆ ಕಣಕ್ಕ, ಬಾವಿಕಟ್ಟೆಗಲ್ಲ."

ಅವನು ಆ ಜಾಗವನ್ನು ಕೊರೆದು, ಕುಂಬಳಬೀಜದಷ್ಟು ಮರದ ಚೂರು ಬಡಿದು ಕೂರಿಸುವಷ್ಟರಲ್ಲಿ ಹೆಂಗಸರ ಸಮೇತ ಬಾವಿಕಟ್ಟೆಯೇ ಎದ್ದು ಒಳಗೆ ಬಂದಿತ್ತು. ಮನೆಸಾಲಿನ ಮೇಲ್ವಿಚಾರಕನ ಹೆಂಡತಿ ಒಮಿನೆ ಸರಿಯಾಗಿ ಬೆಳಕಿಗೆ ಅಡ್ಡ ಕೂತಳು.

"ಕತ್ತಿ ಎಡಗೈಯಲ್ಲಿದೆಯಲ್ಲೋ?"

"ಅಚ್ಚು ಹಾಕಿದಾಗ ಬಲಗೈಗೆ ಬರುತ್ತೆ, ಅಮ್ಮೋರೆ."

"ಹಾಗಾದ್ರೆ ಹುಬ್ಬೂ ಆಗಲೇ ಬರುತ್ತೆ ಬಿಡು."

ಹುಬ್ಬು ಹೇಗಿರಬೇಕೆಂಬ ವಾದ ಶುರುವಾಯಿತು. ಒಬ್ಬಳಿಗೆ ಎಲೆಯಂತೆ ತೆಳ್ಳಗೆ ಬೇಕು. "ನಮ್ಮತ್ತೆ ಹಟ ಹಿಡಿದು ಬೋಳಿಸದೆ ಉಳಿಸಿಕೊಂಡ ಹುಬ್ಬಿನ ಹಾಗೆ ಕೆತ್ತು, ಅವರೂ ಯುದ್ಧಕ್ಕೇ ಹುಟ್ಟಿದವರು," ಎಂದಳು ಒತೊರಾ. ಒಮಿನೆಯಂತೂ ಮಾತಿಗೊಮ್ಮೆ ಅವನ ಮೊಣಕೈ ತಿವಿಯುತ್ತಿದ್ದಳು. ಗೆಂಪಾಚಿ ಹಲ್ಲು ಕಚ್ಚಿಕೊಂಡು ಕೆತ್ತಿದ. ಮುಗಿದಾಗ ತೊಮೊಎಯ ಒಂದು ಹುಬ್ಬು ತೆಪ್ಪಗಿತ್ತು. ಇನ್ನೊಂದು ಹಾವಿನ ಹೆಡೆಯಂತೆ ಹಣೆಗೇರಿತ್ತು.

ಸಂಜೆ ಸೋಬೆ ಬಂದು ಅಚ್ಚು ತೆಗೆಸಿ ಏರಿದ ಹುಬ್ಬಿನ ಮೇಲೆ ಬೆರಳಿಟ್ಟ.

"ಇದು ಚಿತ್ರದಲ್ಲಿರಲಿಲ್ಲ."

"ಇರಲಿಲ್ಲ, ಯಜಮಾನ್ರೆ," ಎಂದ ಗೆಂಪಾಚಿ.

"ನನ್ನ ಅಂಗಡಿಯ ಚಿತ್ರಗಳಲ್ಲಿರೋ ಹೆಂಗಸರೆಲ್ಲ ಈಗಷ್ಟೇ ನಿದ್ದೆಯಿಂದ ಎದ್ದವರ ಹಾಗಿರ್ತಾರೆ. ಇವಳನ್ನ ನೋಡು, ಬೆಳಗಿನಿಂದ ಯಾರದೋ ಕಾಟ ತಡೆದೂ ತಡೆದೂ ಕತ್ತಿ ಹಿರಿದಂತಿದ್ದಾಳೆ. ಉಳಿದ ಹನ್ನೊಂದೂ ನಿನ್ನವೇ. ಎಲ್ಲರಿಗೂ ಇದೇ ಕಳೆ ಬರಬೇಕು. ಇದನ್ನ ಹೇಗಪ್ಪಾ ಮೂಡಿಸಿದೆ?"

ಗೆಂಪಾಚಿ ಬಾಯಿ ತೆರೆಯುವ ಮೊದಲೇ, ಉಳಿದ ಹೆಂಗಸರೊಂದಿಗೆ ಇನ್ನೂ ಅಲ್ಲೇ ಕೂತಿದ್ದ ಒಮಿನೆ ಹೇಳಿದಳು: "ನಾವೆಲ್ಲ ಪಕ್ಕದಲ್ಲೇ ಕೂತು ಹೇಳಿಕೊಟ್ವಿ."

ಸೋಬೆ ಅವಳಿಗೆ ಸೊಂಟ ಬಗ್ಗಿಸಿ ವಂದಿಸಿದ. "ಹಾಗಾದ್ರೆ ಹನ್ನೊಂದೂ ಮುಗಿಯೋವರೆಗೆ ದಿನಾ ಬನ್ನಿ, ತಾಯಿ. ಚಹಾ ತಿಂಡಿ ನನ್ನ ಕಡೆಯಿಂದ."

ಗೆಂಪಾಚಿ ಉಳಿಯನ್ನು ಮೆಲ್ಲಗೆ ಕೆಳಗಿಟ್ಟ.

"ಮಕ್ಕಳನ್ನೂ ಕರ್ಕೊಂಡು ಬರ್ಲಾ ಅಣ್ಣ?" ಎಂದಳು ಒತೊರಾ. "ಮನೇಲಿ ಬಿಟ್ರೆ ರಂಪ ಮಾಡ್ತಾವೆ."