ಕೈದಿಗೆ ಜೊತೆಗಾರನನ್ನು ಹುಡುಕಿದ ಯಂತ್ರ

"ಅತ್ತಿಗೆ, ನೀವೀಗ ಕೇಳೋದು ಮನುಷ್ಯಕುಲ ಇಲ್ಲಿವರೆಗೂ ಕೇಳದೇ ಇರೋ ಮಾತು," ಎಂದು ಫಣೀಂದ್ರ ಸ್ವಿಚ್ಚಿನ ಮೇಲೆ ಬೆರಳಿಟ್ಟು ಘೋಷಿಸಿದ.

"ಮನುಷ್ಯಕುಲ ಆಮೇಲೆ ಕೇಳಲಿ. ಮೊದಲು ಆ ಬೆಸುಗೆ ಕಡ್ಡೀನ ನನ್ನ ಬೆತ್ತದ ಕುರ್ಚಿ ಮೇಲಿಂದ ತೆಗಿ," ಎಂದರು ಅನಸೂಯಮ್ಮ.

ಮೀನಿನ ತೊಟ್ಟಿಯ ಗಾಜಿಗೆ ಡಾಕ್ಟರರ ಸ್ಟೆತೊಸ್ಕೋಪಿನ ಬಿಲ್ಲೆ ಅಂಟಿಕೊಂಡಿತ್ತು. ಅಲ್ಲಿಂದ ಹೊರಟ ವೈರುಗಳು ಕುಕ್ಕರಿನ ಮುಚ್ಚಳವೊಂದನ್ನು ಸುತ್ತಿ, ಟೇಪ್ ರೆಕಾರ್ಡರಿನ ಹೊಟ್ಟೆ ಹೊಕ್ಕು, ಕಿಟಕಿಯ ಮೇಲೆ ಕೂತಿದ್ದ ತಗಡಿನ ಧ್ವನಿವರ್ಧಕದಲ್ಲಿ ಮುಗಿಯುತ್ತಿದ್ದವು. ಆ ಧ್ವನಿವರ್ಧಕ ಚಿದಂಬರಯ್ಯನವರು ನಿವೃತ್ತರಾದ ದಿನ ಸ್ಟೇಷನ್ನಿನವರು ಹಾರ ಹಾಕಿ ಕೊಟ್ಟ ಉಡುಗೊರೆ.

ಅದು ಕ್ಯಾಸೆಟ್ಟಿನ ಟೇಪು ಸಡಿಲವಾದರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದ ಕಾಲ. ಹೊಸಕಟ್ಟೆ ಜಂಕ್ಷನ್ನಿನಲ್ಲಿ ಇಪ್ಪತ್ತಾರು ವರ್ಷ ರೈಲುಗಳ ಬರುವಿಕೆಯನ್ನು ಸಾರಿದವರು ಅನಸೂಯಮ್ಮನ ಯಜಮಾನರು ಚಿದಂಬರಯ್ಯ. ಅವರು ಬೆಳಗಿನ ಪ್ಯಾಸೆಂಜರ್ ಬಂತೆಂದರೆ ಊರಿನ ಹೆಂಗಸರು ಅಕ್ಕಿ ತೊಳೆಯುತ್ತಿದ್ದರು. ಸಂಜೆಯ ಮೇಲ್ ಗಾಡಿ ಹೊರಟಿತೆಂದರೆ ಇಸ್ಪೀಟಿನ ಎಲೆಗಳು ಜೇಬು ಸೇರುತ್ತಿದ್ದವು. ಡ್ಯೂಟಿಗೆ ಹೋಗುವ ಮುಂಚೆ ಮನೆಯಲ್ಲಿ ತೊಟ್ಟಿಯ ಮುಂದೆ ನಿಂತು, ಮೀನಿಗೆ ಕಾಳು ಉದುರಿಸುತ್ತಾ ಗಂಟಲು ಸರಿಮಾಡಿಕೊಂಡು, ಆ ದಿನದ ಪ್ರಕಟಣೆಗಳನ್ನು ಒಮ್ಮೆ ಹೇಳಿ ನೋಡುವುದು ಅವರ ಪದ್ಧತಿ. ಹಾಗೊಮ್ಮೆ ಸುಮ್ಮನೆ ರೆಕಾರ್ಡ್ ಮಾಡಿದ ಕ್ಯಾಸೆಟ್ಟೊಂದೇ ಈಗ ಅವರ ದನಿ. ಅವರು ಹೋಗಿ ಎಂಟು ತಿಂಗಳಾಗಿತ್ತು.

ಇನ್ನು ಉಳಿದದ್ದು ಆ ಮೀನು. ಸಿಕ್ಲಿಡ್ ಜಾತಿಯದು, ಮೈತುಂಬ ಕಪ್ಪು ಪಟ್ಟೆ, ಅದಕ್ಕೆ ಇಟ್ಟ ಹೆಸರು ಕೈದಿ. ಬುದ್ಧಿ ಮಾತ್ರ ಜೈಲರನದು. ತೊಟ್ಟಿಗೆ ಕೈ ಹಾಕಿದವರ ಬೆರಳು ಕಚ್ಚುತ್ತಿತ್ತು. ಪಾಚಿ ಕಟ್ಟಿ ಗಾಜು ಹಸಿರು ಕಂಬಳಿಯಾಗಿದ್ದರೂ ಉಜ್ಜುವ ಧೈರ್ಯ ಯಾರಿಗೂ ಇರಲಿಲ್ಲ. ಪಾಚಿ ತಿನ್ನಲೆಂದು ತಂದು ಬಿಟ್ಟ ಪ್ಲೆಕೊ ಮೀನುಗಳಲ್ಲಿ ಒಂದು ಬಾಲ ಹರಿಸಿಕೊಂಡು ಅಂಗಡಿಗೆ ಮರಳಿತ್ತು. ಇನ್ನೊಂದು ತಾನಾಗಿಯೇ ಹೊರಗೆ ಹಾರಿತ್ತು. ಈಚೆಗೆ ಕೈದಿ ಊಟವನ್ನೂ ಬಿಟ್ಟಿತ್ತು.

"ಮೂರನೇದನ್ನ ಎರಡೂ ಕಡೆ ಮಾತಾಡಿಸಿಯೇ ತರಬೇಕು," ಎಂದು ರೇಡಿಯೋ ರಿಪೇರಿಯ ಮೈದುನ ಫಣೀಂದ್ರ ಯಂತ್ರ ಕಟ್ಟಿದ್ದ. ಮೀನಿನ ರೆಕ್ಕೆಯ ಅದುರಾಟವನ್ನು ಅರ್ಥ ಮಾಡಿಕೊಳ್ಳುವಷ್ಟು ಬುದ್ಧಿ ಅದಕ್ಕಿತ್ತು, ಆಡಲು ಮಾತಿರಲಿಲ್ಲ. ಮಾತು ಆಯ್ದುಕೊಳ್ಳಲೆಂದೇ ಅಣ್ಣನ ಕ್ಯಾಸೆಟ್ಟು ಬೇಕಾಯಿತು.

"ಅದರಲ್ಲಿ ಒಂದು ಅಕ್ಷರ ಕಮ್ಮಿ ಆದ್ರೂ ನಿನ್ನನ್ನೇ ಆ ತೊಟ್ಟೀಲಿ ಬಿಡ್ತೀನಿ, ಪಾಚಿ ನೆಕ್ಕೊಂಡಿರು," ಎಂದು ಹೇಳಿಯೇ ಅನಸೂಯಮ್ಮ ಕೊಟ್ಟಿದ್ದರು.

ಫಣೀಂದ್ರ ಸ್ವಿಚ್ ಒತ್ತಿದ. ಟೇಪು ಕೀಚುಗುಟ್ಟುತ್ತ ಹಿಂದೆ ಮುಂದೆ ಓಡಿತು.

"ಪ್ರಯಾಣಿಕರ ಗಮನಕ್ಕೆ," ಎಂದಿತು ತಗಡು.

ಅನಸೂಯಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡರು. ಅದೇ ದನಿ. 'ಗಮನಕ್ಕೆ' ಎನ್ನುವಾಗ ಕೊನೆಯಲ್ಲಿ ಮೂಗಿಗೆ ಏರುವ ಅದೇ ರಾಗ.

"ಈ ಗಾಡಿಯಲ್ಲಿ ಉಪಾಹಾರದ ವ್ಯವಸ್ಥೆ ಇರುವುದಿಲ್ಲ," ಎಂದು ಕೈದಿ ಮುಂದುವರಿಸಿತು.

"ಅಯ್ಯೋ ಸುಳ್ಳ. ನಿನ್ನೆ ಹಾಕಿದ್ದನ್ನ ಮೂಸಿ ನೋಡ್ಲಿಲ್ಲ," ಎಂದು ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅತ್ತದ್ದೋ ನಕ್ಕದ್ದೋ ಅವರಿಗೇ ಗೊತ್ತಾಗಲಿಲ್ಲ.

ಹತ್ತು ಗಂಟೆಗೆ ಮೀನಂಗಡಿಯ ದಸ್ತಗೀರ್ ಮೂರು ಜಾಡಿ ಹಿಡಿದು ಬಂದ. ಅನಸೂಯಮ್ಮ ಅಭ್ಯಾಸಬಲದಿಂದ ಉಪ್ಪಿಟ್ಟು ಮಾಡಿಟ್ಟಿದ್ದರು; ಅವರ ಮನೆತನದಲ್ಲಿ ಯಾವ ಸಂಬಂಧವನ್ನೂ ಉಪ್ಪಿಟ್ಟಿಲ್ಲದೆ ನೋಡಿದ್ದಿಲ್ಲ.

"ಮೂರೂ ಪ್ಲೆಕೋನೇ ಅಮ್ಮಾ. ಗಾಜು ನೆಕ್ಕಿ ನೆಕ್ಕಿ ಕನ್ನಡಿ ಮಾಡ್ತವೆ. ಇದು ನೋಡಿ, ಬೆರಳಷ್ಟೇ, ಪಾಪದ್ದು," ಎಂದು ದಸ್ತಗೀರ್ ಮೊದಲ ಜಾಡಿ ಮುಂದಿಟ್ಟ.

ಫಣೀಂದ್ರ ಯಂತ್ರದ ಇನ್ನೊಂದು ಬಿಲ್ಲೆಯನ್ನು ಜಾಡಿಗೆ ಹಚ್ಚಿದ. "ಈ ಗಾಡಿಗೆ ಹೆಚ್ಚುವರಿ ಬೋಗಿಗಳನ್ನು ಜೋಡಿಸಲಾಗುವುದು," ಎಂದಿತು ಪಾಪದ್ದು.

ಅನಸೂಯಮ್ಮ ದಸ್ತಗೀರನ ಮುಖ ನೋಡಿದರು.

"ಹೌದಮ್ಮಾ," ಎಂದು ಅವನು ಉಪ್ಪಿಟ್ಟಿನ ಕಡೆ ತಿರುಗಿದ. "ಬೆಳೆದ್ರೆ ಮೊಳದುದ್ದ ಆಗ್ತದೆ. ಆದ್ರೆ ಬೆಳೆಯೋದು ನಿಧಾನ."

"ನನ್ನ ತೊಟ್ಟಿ ಇರೋದೇ ಎರಡು ಮೊಳ. ಆಮೇಲೆ ನಾನು ಅಡುಗೆಮನೆ ಬಿಟ್ಟುಕೊಡಲಾ?"

ಎರಡನೆಯದು ಹೊನ್ನಿನ ಬಣ್ಣದ್ದು, ರೇಷ್ಮೆ ಸೆರಗಿನಂಥ ಉದ್ದ ರೆಕ್ಕೆ. ಜಾಡಿಯನ್ನು ತೊಟ್ಟಿಯ ಪಕ್ಕಕ್ಕಿಟ್ಟಿದ್ದೇ ತಡ ಕೈದಿ ಗಾಜಿಗೆ ಹಣೆ ಬಡಿಯಿತು. "ಈ ಗಾಡಿ ಇಲ್ಲಿ ನಿಲ್ಲುವುದಿಲ್ಲ. ಈ ಗಾಡಿ ಇಲ್ಲಿ ನಿಲ್ಲುವುದಿಲ್ಲ."

"ಆ ರೆಕ್ಕೇನ ಇವನು ಒಂದೇ ದಿನದಲ್ಲಿ ಚಿಂದಿ ಮಾಡ್ತಾನೆ. ಬೇಡಪ್ಪ, ಪಾಪ ಕಟ್ಟಿಕೊಳ್ಳೋದು," ಎಂದರು ಅನಸೂಯಮ್ಮ.

ಮೂರನೆಯದಕ್ಕೆ ರೂಪವೆಂಬುದೇ ಇರಲಿಲ್ಲ. ಕಪ್ಪು ಮೈ, ಗೇಣಿಗಿಂತ ಗಿಡ್ಡ, ಮೂತಿಯ ತುಂಬ ಕವಲೊಡೆದ ಮೀಸೆ.

"ಮೀಸೆ ಪ್ಲೆಕೊ. ಇದು ಇಷ್ಟೇ, ಇನ್ನು ಬೆಳೆಯಲ್ಲ. ಕಚ್ಚಿದ್ರೆ ಕಚ್ಚಿದವನ ಬಾಯಿಗೇ ಮುಳ್ಳು," ಎಂದ ದಸ್ತಗೀರ್.

"ವಿಶ್ರಾಂತಿ ಕೊಠಡಿ," ಎಂದಿತು ಮೀಸೆ. ಸ್ವಲ್ಪ ತಡೆದು ಮತ್ತೆ, "ವಿಶ್ರಾಂತಿ ಕೊಠಡಿ."

ಅದಕ್ಕೆ ಬೇಕಾದದ್ದು ಅಡಗಲು ಒಂದು ಗೂಡು. ಅನಸೂಯಮ್ಮ ಒಡೆದ ತುಳಸಿ ಕುಂಡವೊಂದನ್ನು ತೊಳೆದು ತಂದು ಕೋಲಿನಿಂದ ತೊಟ್ಟಿಯ ಮೂಲೆಗೆ ತಳ್ಳಿದರು. ದಸ್ತಗೀರ್ ಮೀಸೆಯನ್ನು ನೀರಿಗೆ ಬಿಟ್ಟ.

ಅಷ್ಟರಲ್ಲಿ ಹೊರಗೆ ಗದ್ದಲ. ಧ್ವನಿವರ್ಧಕದ ಬಾಯಿ ಬೀದಿಯ ಕಡೆಗಿದ್ದದ್ದನ್ನು ಯಾರೂ ಗಮನಿಸಿರಲಿಲ್ಲ. ಅರ್ಧ ಬೀದಿ ಟ್ರಂಕು, ಹಾಸಿಗೆ ಸುರುಳಿ, ನೀರಿನ ಹೂಜಿ ಸಮೇತ ಗೇಟಿನ ಒಳಗೆ ನಿಂತಿತ್ತು. ಮುಂದೆ ಹಳೆಯ ಪೋರ್ಟರ್ ಮುನಿಯಪ್ಪ, ಬಣ್ಣಗೆಟ್ಟ ಕೆಂಪಂಗಿ ತೊಟ್ಟು, ತಲೆಗೆ ಸಿಂಬಿ ಸುತ್ತಿಕೊಂಡು ಬಂದಿದ್ದ.

"ಅಮ್ಮೋರೆ, ಹೆಚ್ಚುವರಿ ಬೋಗಿ ಅಂದ್ರಲ್ಲ ಅಯ್ಯೋರು, ಯಾವ ಗಾಡಿಗೆ?"

"ಯಾವ ಗಾಡಿಗೂ ಇಲ್ಲ ಮುನಿಯಪ್ಪ. ಅಯ್ಯೋರು ಹೋದಾಗ ಹೆಗಲು ಕೊಟ್ಟೋನು ನೀನೇ ಅಲ್ವೇನೋ?"

"ಕೊಟ್ಟೆ ತಾಯಿ. ಆದ್ರೆ ಆ ದನಿ ಕೇಳಿದ್ರೆ ಕಾಲು ನಿಲ್ಬೇಕಲ್ಲ."

ತೊಟ್ಟಿಯಲ್ಲಿ ಯುದ್ಧ ಶುರುವಾಯಿತು. ಕೈದಿ ನುಗ್ಗಿತು, ಮೀಸೆ ಮುಳ್ಳು ಕೆದರಿತು. "ಟಿಕೆಟ್ಟಿಲ್ಲದ ಪ್ರಯಾಣ ಶಿಕ್ಷಾರ್ಹ," ಎಂದು ಗುಡುಗಿದ ತಗಡು, "ಈ ಗಾಡಿಗೆ ಹೆಚ್ಚುವರಿ..." ಎಂದು ಬಾಯಿ ತೆರೆದು, ಬರೀ ಸರಸರ ಸದ್ದು ಮಾಡಿತು.

ಅನಸೂಯಮ್ಮನ ಕಿವಿ ಚುರುಕಾಯಿತು. "ಫಣೀ, 'ಬೋಗಿ' ಎಲ್ಲಿ ಹೋಯ್ತು?"

ಫಣೀಂದ್ರ ಟೇಪ್ ರೆಕಾರ್ಡರಿನೊಳಗೆ ಇಣುಕಿದ. ಅವನ ಮುಖ ಸುಣ್ಣವಾಯಿತು. "ಅತ್ತಿಗೆ, ಅಳಿಸೋ ತಂತೀನೂ ಓದೋ ತಂತಿ ಜೊತೆ ಸೇರಿಬಿಟ್ಟಿದೆ. ಆಡಿದ ಮಾತೆಲ್ಲ ಸ್ವಲ್ಪ ಸ್ವಲ್ಪವಾಗಿ ಅಳಿಸ್ಕೊಂಡು ಹೋಗ್ತಿದೆ."

"ನಿಲ್ಸು ಅದನ್ನ!"

ಅವನು ಸ್ವಿಚ್ ಒತ್ತಿದ, ನಿಲ್ಲಲಿಲ್ಲ. ಕ್ಯಾಸೆಟ್ಟು ಎಳೆದ, ತೊಟ್ಟಿಯ ಗಾಜಿನ ಬಿಲ್ಲೆ ಎಳೆದ, ಎರಡೂ ಬರಲಿಲ್ಲ. "ಪ್ರದರ್ಶನದ ಮಧ್ಯ ಯಾರಾದ್ರೂ ನಿಲ್ಲಿಸಿಬಿಟ್ರೆ ಅಂತ ಪ್ಲಗ್ಗು ಸಮೇತ ಎಲ್ಲಾನೂ ಅಂಟಿಸಿ ಬೆಸುಗೆ ಹಾಕ್ಬಿಟ್ಟಿದೀನಿ."

"ಕತ್ತರಿಸೋದಕ್ಕೆ?"

"ಇಕ್ಕಳ ಅಂಗಡೀಲಿದೆ." ಎಂದವನೇ ಬರಿಗಾಲಲ್ಲಿ ಓಡಿದ.

ಮೀನುಗಳು ಕಾದಾಡುತ್ತಲೇ ಇದ್ದವು, ಒಂದೊಂದು ಗುದ್ದಿಗೆ ಒಂದೊಂದು ಮಾತು ಖರ್ಚಾಗುತ್ತಿತ್ತು. ಮೇಲ್ಸೇತುವೆ ಹೋಯಿತು. ಒಂದನೇ ಪ್ಲಾಟ್‌ಫಾರಂ ಹೋಯಿತು. 'ಪ್ರಯಾಣಿಕರ' ಎಂಬಲ್ಲಿ ಬರೀ ಉಸಿರು ಉಳಿಯಿತು. ಅಂಗಳದಲ್ಲಿ ಜನ ಟ್ರಂಕಿನ ಮೇಲೆ ಕೂತರು. ಈ ಮೀನುಗಳು ಸುಮ್ಮನಾದರೆ ಮಾತ್ರ ಯಂತ್ರ ಸುಮ್ಮನಾಗುತ್ತದೆ ಎಂಬುದು ಅನಸೂಯಮ್ಮನಿಗೆ ಹೊಳೆಯಿತು.

ಅವರು ಕಾಳಿನ ಡಬ್ಬಿ ತೆಗೆದುಕೊಂಡರು. ತೊಟ್ಟಿಯ ಮುಂದೆ ನೆಟ್ಟಗೆ ನಿಂತು, ಒಮ್ಮೆ ಕೆಮ್ಮಿ, ಮೂಗಿಗೆ ದನಿ ಏರಿಸಿದರು.

"ಪ್ರಯಾಣಿಕರ ಗಮನಕ್ಕೆ!"

ಅಂಗಳದಲ್ಲಿ ಮುನಿಯಪ್ಪ ಧಡಕ್ಕನೆ ಎದ್ದು ನಿಂತ. ಇಪ್ಪತ್ತಾರು ವರ್ಷ ಒಗ್ಗರಣೆ ಹಾಕುತ್ತ ಕೇಳಿಸಿಕೊಂಡದ್ದು ಗಂಟಲಿನಲ್ಲಿ ಎಲ್ಲೋ ಹಾಗೇ ಇತ್ತು. ಅನಸೂಯಮ್ಮ ಕಾಳು ಉದುರಿಸುತ್ತ ಬೆಳಗಿನ ಪ್ಯಾಸೆಂಜರ್ ಕರೆದರು, ಸಂಜೆಯ ಮೇಲ್ ಕಳಿಸಿದರು, ಮಕ್ಕಳ ಕೈ ಹಿಡಿದುಕೊಳ್ಳಲು ತಾಯಂದಿರಿಗೆ ಹೇಳಿದರು. ಕೈದಿ ನಿಂತಲ್ಲೇ ನಿಂತಿತು. ಮೆಲ್ಲಗೆ ಮೇಲೆ ಬಂದು ಒಂದು ಕಾಳು ನುಂಗಿತು, ಇನ್ನೊಂದು ನುಂಗಿತು. ಆ ಸಂದಿನಲ್ಲಿ ಮೀಸೆ ಜಾರಿ ಕುಂಡದೊಳಗೆ ಸೇರಿ, ಗೋಡೆ ನೆಕ್ಕಲು ಶುರುಮಾಡಿತು. ತಗಡು ಬಾಯಿ ಮುಚ್ಚಿತು.

ಫಣೀಂದ್ರ ಇಕ್ಕಳ ತಂದು ಕತ್ತರಿಸುವ ಹೊತ್ತಿಗೆ ಕ್ಯಾಸೆಟ್ಟು ಬಹುಪಾಲು ಖಾಲಿ. ಸರಿಯಾದ ಟೇಪ್ ರೆಕಾರ್ಡರಿಗೆ ಹಾಕಿ ಎರಡೂ ಬದಿ ತಿರುಗಿಸಿದರು. ಬರೀ ಸರಸರ. ಕೊನೆಗೆ, ಮೀನುಗಳಿಗೆ ಬೇಡವಾಗಿ ಉಳಿದುಹೋದ ಒಂದೇ ಒಂದು ವಾಕ್ಯ ಸಿಕ್ಕಿತು.

"ಬರಬೇಕಾದ ಗಾಡಿಯು ತಡವಾಗಿ ಬರುವ ನಿರೀಕ್ಷೆ ಇದೆ. ತಮಗಾದ ಅಡಚಣೆಗೆ ವಿಷಾದಿಸುತ್ತೇವೆ."

ಫಣೀಂದ್ರ ತಲೆ ಎತ್ತಲಿಲ್ಲ. "ಎಲ್ಲಾ ಹಾಳು ಮಾಡಿಬಿಟ್ಟೆ ಅತ್ತಿಗೆ."

ಅನಸೂಯಮ್ಮ ಅದನ್ನು ಮತ್ತೊಮ್ಮೆ ಹಾಕಿಸಿ ಕೊನೆಯ ತನಕ ಕೇಳಿದರು. ಆಮೇಲೆ ಅಂಗಳದವರಿಗೆ ಉಪ್ಪಿಟ್ಟು ಸಾಲುವುದೋ ಇಲ್ಲವೋ ಎಂದು ಪಾತ್ರೆ ನೋಡುತ್ತ ಹೇಳಿದರು:

"ಇರಲಿ ಬಿಡು. ಬದುಕಿದ್ದಾಗಲೂ ಊಟಕ್ಕೆ ಯಾವಾಗ ಬರ್ತೀರಿ ಅಂದ್ರೆ ಇಷ್ಟೇ ಹೇಳ್ತಿದ್ದದ್ದು."